ಕ್ಲೂನಿ, ತೂರ್ನ್ಯೂ, ವೆಜಲೇ: ಒಂದೇ ದಿನ ಇದ್ದರೆ ಯಾವ ಮಠಕ್ಕೆ ಹೋಗಬೇಕು?

ಫ್ರಾನ್ಸಿನ ಬರ್ಗಂಡಿ ಕಡೆ ಹೊರಟ ಗೆಳೆಯರು ಕೇಳುವ ಪ್ರಶ್ನೆ ಒಂದೇ. "ಹಳೇ ಮಠ ಒಂದು ನೋಡಬೇಕು ಮಾರಾಯ, ಒಂದೇ ದಿನ ಇದೆ, ಯಾವುದಕ್ಕೆ ಹೋಗಲಿ?" ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಕಾಣುವ ಹೆಸರು ಕ್ಲೂನಿ. ಹಾಗಾಗಿ ಜಾಸ್ತಿ ಜನ ಕ್ಲೂನಿಗೇ ಹೋಗುತ್ತಾರೆ. ಹೋಗಿ ನಿಂತು, "ಎಲ್ಲೋ ಇದೆ ನಿನ್ನ ಚರ್ಚು?" ಎಂದು ಫೋನ್ ಮಾಡುತ್ತಾರೆ. ನಾನೂ ಮೊದಲ ಸಲ ಹಾಗೇ ಪೆಚ್ಚಾಗಿ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ.

ಅದಕ್ಕೇ ಈ ಹೋಲಿಕೆ. ಮೂರು ಊರು: ಕ್ಲೂನಿ, ತೂರ್ನ್ಯೂ, ವೆಜಲೇ. ಮೂರೂ ಒಂದು ಕಾಲದ ಬೆನೆಡಿಕ್ಟೈನ್ ಮಠಗಳು. ಅಂದರೆ 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ಬರೆದಿಟ್ಟ ನಿಯಮದಂತೆ ಬದುಕುತ್ತಿದ್ದ, ಕಪ್ಪು ನಿಲುವಂಗಿ ತೊಟ್ಟ ಸನ್ಯಾಸಿಗಳು ಇದ್ದ ಜಾಗಗಳು. ಮೂರರಲ್ಲೂ ಆ ಸನ್ಯಾಸಿಗಳು ಈಗಿಲ್ಲ. ಮೂರೂ ಕಡೆಯ ಚರ್ಚು ರೋಮನೆಸ್ಕ್ ಶೈಲಿಯದು: ದಪ್ಪ ಗೋಡೆ, ದುಂಡು ಕಮಾನು, ಮೇಲೆ ಕಲ್ಲಿನದೇ ಚಾವಣಿ. ಅಷ್ಟು ಬಿಟ್ಟರೆ ಒಂದನ್ನು ನೋಡಿದರೆ ಇನ್ನೊಂದನ್ನು ನೋಡಿದ ಹಾಗೆ ಆಗುವುದೇ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೂರ್ನ್ಯೂಗೆ. ಅದು ಮೂರರಲ್ಲಿ ಹೆಸರು ಕಡಿಮೆ ಇರುವುದು. ಆದರೆ ನನ್ನ ರುಚಿ ನಿಮ್ಮದಾಗಬೇಕಿಲ್ಲ, ಅಲ್ವಾ? ಹಾಗಾಗಿ ಒಂದೊಂದೇ ನೋಡೋಣ.

ಕ್ಲೂನಿ: ಇಲ್ಲದ್ದನ್ನು ನೋಡಲು ಹೋಗುವ ಜಾಗ

910ರಲ್ಲಿ ಅಕ್ವಿಟೇನಿನ ಡ್ಯೂಕ್ ವಿಲಿಯಂ ತನ್ನ ಬೇಟೆಯ ಜಾಗವೊಂದನ್ನು ಸನ್ಯಾಸಿಗಳಿಗೆ ದಾನ ಬರೆದುಕೊಟ್ಟ. ದಾನಪತ್ರದಲ್ಲಿ ಒಂದು ವಿಚಿತ್ರ ಷರತ್ತು ಹಾಕಿದ: ಈ ಮಠದ ಮೇಲೆ ನನಗಾಗಲಿ, ನನ್ನ ಮನೆಯವರಿಗಾಗಲಿ, ಇನ್ಯಾವ ದೊರೆಗಾಗಲಿ ಅಧಿಕಾರ ಇಲ್ಲ, ಇದು ಸಂತ ಪೀಟರ್ ಮತ್ತು ಪೌಲರ ಆಸ್ತಿ, ಕಾಯುವವರು ಪೋಪ್. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಊರ ಧಣಿಗಳು ತಮ್ಮ ತಮ್ಮನನ್ನೋ ಮಗನನ್ನೋ ಮಠದ ಗದ್ದುಗೆಯ ಮೇಲೆ ಕೂರಿಸಿ ಆದಾಯ ತಿನ್ನುತ್ತಿದ್ದ ದಿನಗಳವು. ರೋಮಿನಲ್ಲಿದ್ದ ಪೋಪ್ ದೂರ, ಹೀಗಾಗಿ ಕ್ಲೂನಿಗೆ ಯಾರ ಕಾಟವೂ ಇಲ್ಲ. ಮಠ ಬೆಳೆಯಿತು. ಎಷ್ಟೆಂದರೆ ಇನ್ನೂರು ವರ್ಷ ಕಳೆಯುವಷ್ಟರಲ್ಲಿ ಯುರೋಪಿನ ಉದ್ದಗಲಕ್ಕೂ ಸಾವಿರಕ್ಕೂ ಹೆಚ್ಚು ಶಾಖೆಗಳು ಕ್ಲೂನಿಯ ಮಾತು ಕೇಳುತ್ತಿದ್ದವು.

ಇನ್ನೊಂದು ಕಾರಣ, ಮಠದ ಹಿರಿಯರ ಆಯಸ್ಸು. ಒಡಿಲೋ ಎಂಬಾತ 994ರಿಂದ 1049ರವರೆಗೆ ಗದ್ದುಗೆಯಲ್ಲಿದ್ದ. ಅವನ ನಂತರ ಬಂದ ಹ್ಯೂಗೋ 1109ರವರೆಗೆ. ಇಬ್ಬರೇ ಸೇರಿ ನೂರಾ ಹದಿನೈದು ವರ್ಷ! ಆ ಅವಧಿಯಲ್ಲಿ ಎಷ್ಟು ರಾಜರು, ಎಷ್ಟು ಪೋಪ್‌ಗಳು ಬಂದು ಹೋದರೋ. ಸತ್ತವರೆಲ್ಲರಿಗಾಗಿ ನವೆಂಬರ್ 2ರಂದು ಪ್ರಾರ್ಥನೆ ಮಾಡುವ ಪದ್ಧತಿ ಕ್ರೈಸ್ತರಲ್ಲಿ ಇವತ್ತಿಗೂ ಇದೆಯಲ್ಲ, ಅದನ್ನು ಶುರು ಮಾಡಿದ್ದು ಈ ಒಡಿಲೋ.

ಹ್ಯೂಗೋ 1088ರಲ್ಲಿ ಹೊಸ ಚರ್ಚಿಗೆ ಕೈ ಹಾಕಿದ. ಅಲ್ಲಿ ಕಟ್ಟಿದ ಮೂರನೆಯ ಚರ್ಚು ಅದು. ಇದರ ಬಗ್ಗೆ ಮಠದವರು ಹೇಳುತ್ತಿದ್ದ ಕತೆ ನನಗೆ ಬಹಳ ಇಷ್ಟ. ಗುಂಜೋ ಎಂಬ ಮುದಿ ಸನ್ಯಾಸಿ ಕಾಯಿಲೆ ಬಿದ್ದು ಹಾಸಿಗೆಯಲ್ಲಿದ್ದ. ಕನಸಿನಲ್ಲಿ ಸಂತರು ಬಂದು ಹಗ್ಗ ಹಿಡಿದು ನೆಲ ಅಳೆದು ತೋರಿಸಿದರಂತೆ, ಇಷ್ಟುದ್ದ, ಇಷ್ಟಗಲ, ಹೋಗಿ ನಿನ್ನ ಹಿರಿಯನಿಗೆ ಹೇಳು ಅಂತ. ಕನಸಿಗೆ ಖರ್ಚಿಲ್ಲ, ಕಟ್ಟಡಕ್ಕೆ ಇದೆಯಲ್ಲ. ಅದಕ್ಕೆ ಸ್ಪೇನಿನ ದೊರೆ ಆರನೇ ಅಲ್ಫೋನ್ಸೋ ವರ್ಷ ವರ್ಷ ಚಿನ್ನ ಕಳಿಸುತ್ತಿದ್ದ. 1095ರಲ್ಲಿ ಪೋಪ್ ಎರಡನೇ ಅರ್ಬನ್ ಬಂದು ಮುಖ್ಯ ಪೀಠವನ್ನು ಪವಿತ್ರಗೊಳಿಸಿದ. ಆತ ಮೊದಲು ಇದೇ ಮಠದ ಸನ್ಯಾಸಿಯಾಗಿದ್ದವನು. ಮುಗಿದಾಗ ಚರ್ಚಿನ ಉದ್ದ 187 ಮೀಟರ್. ರೋಮಿನಲ್ಲಿ ಈಗಿರುವ ಸಂತ ಪೀಟರ್ ಬೆಸಿಲಿಕಾ ಎದ್ದು ನಿಲ್ಲುವವರೆಗೆ, ಅಂದರೆ ನಾನೂರು ವರ್ಷಕ್ಕೂ ಜಾಸ್ತಿ ಕಾಲ, ಕ್ರೈಸ್ತ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಚರ್ಚೇ ಇರಲಿಲ್ಲ.

ಈಗ ಅಲ್ಲಿ ಏನಿದೆ? ಆ ಚರ್ಚಿನ ಹತ್ತರಲ್ಲಿ ಒಂದು ಪಾಲೂ ಇಲ್ಲ.

ಫ್ರೆಂಚ್ ಕ್ರಾಂತಿಯಲ್ಲಿ ಮಠ ಮುಚ್ಚಿತು. 1798ರಲ್ಲಿ ಕಟ್ಟಡವನ್ನು ಕಲ್ಲಿನ ಲೆಕ್ಕಕ್ಕೆ ಮಾರಿದರು. ಕೊಂಡವರು ಚರ್ಚಿನ ನಟ್ಟನಡುವೆ ಒಂದು ರಸ್ತೆ ಎಳೆದು, ಕಲ್ಲು ಕಿತ್ತು ಕಿತ್ತು ಮಾರಿದರು. ಇಪ್ಪತ್ತೈದು ವರ್ಷ ಈ ಕೆಲಸವೇ ನಡೆಯಿತು. ಉಳಿದ ಜಾಗದ ಒಂದು ಭಾಗದಲ್ಲಿ ನೆಪೋಲಿಯನ್ ಕಾಲದಲ್ಲಿ ಸರ್ಕಾರಿ ಕುದುರೆ ಲಾಯ ಬಂತು. ಕೊನೆಗೆ ಉಳಿದದ್ದು ಶಿಲುಬೆಯ ತೋಳಿನ ಹಾಗೆ ಉದ್ದ ಹಜಾರಕ್ಕೆ ಅಡ್ಡ ಹಾದ ದೊಡ್ಡ ಹಜಾರದ ತೆಂಕಣ ತೋಳು, ಅದರ ಮೇಲಿನ ಎಂಟು ಮೂಲೆಯ ಗೋಪುರ, ಅಲ್ಲಿ ಇಲ್ಲಿ ಕೆಲವು ಗೋಡೆ.

ಆದರೂ ಆ ಒಂದು ತೋಳಿನೊಳಗೆ ಹೋಗಿ ತಲೆ ಎತ್ತಿ ನೋಡಿ. ಚಾವಣಿ ಸುಮಾರು 30 ಮೀಟರ್ ಮೇಲಿದೆ, ಹತ್ತು ಮಹಡಿಯ ಎತ್ತರ. ಇಲ್ಲಿ ಕಮಾನುಗಳ ತುದಿ ಸ್ವಲ್ಪ ಚೂಪಾಗಿರುವುದನ್ನೂ ಗಮನಿಸಿ, ಚೂಪು ಕಮಾನಿಗೇ ಹೆಸರಾದ ಗಾಥಿಕ್ ಶೈಲಿ ಹುಟ್ಟುವ ಮೊದಲೇ ಇವರು ಆ ಆಟ ಆಡಿ ನೋಡಿದ್ದರು. ಒಂದು ತೋಳೇ ಇಷ್ಟಿದ್ದರೆ ಇಡೀ ದೇಹ ಹೇಗಿತ್ತೋ ಅಂತ ಲೆಕ್ಕ ಹಾಕುತ್ತಾ ನಿಂತರೆ ಕತ್ತು ನೋಯುತ್ತದೆ. ಹಿಂದೆ ಫಾರಿನಿಯೇ ಎಂಬ 13ನೇ ಶತಮಾನದ ಹಿಟ್ಟಿನ ಕಣಜ ಇದೆ. ಅದರ ಮೇಲಿನ ಅಂತಸ್ತಿನ ಮರದ ಮಾಡು ಮಗುಚಿ ಹಾಕಿದ ಹಡಗಿನ ಹಾಗಿದೆ. ಅದರ ಕೆಳಗೆ ಹಳೇ ಚರ್ಚಿನ ಕಂಬಗಳ ಬೋದಿಗೆಗಳನ್ನು ಸಾಲಾಗಿ ಇಟ್ಟಿದ್ದಾರೆ. ಒಂದರಲ್ಲಿ ತಂತಿವಾದ್ಯ ನುಡಿಸುತ್ತಾ ಕೂತ ಮನುಷ್ಯ. ಹಗಲು ರಾತ್ರಿ ಹಾಡುವುದೇ ಮುಖ್ಯ ಕೆಲಸವಾಗಿದ್ದ ಮಠ ತಾನೇ, ತಮ್ಮ ಹಾಡಿನ ಎಂಟು ಧಾಟಿಗಳನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದರು. ಎತ್ತರದ ಕಂಬದ ತುದಿಯಲ್ಲಿ ಇರಬೇಕಾದ ಕೆತ್ತನೆ ಈಗ ನಿಮ್ಮ ಮೂಗಿನ ಮುಂದೆ. ಕೆಡವಿದ್ದರಿಂದ ಆದ ಒಂದೇ ಲಾಭ ಅದು ಅನ್ನಿ.

ಅಮೆರಿಕದ ಕೆನೆತ್ ಕೊನಾಂಟ್ 1928ರಿಂದ ಇಲ್ಲಿ ನೆಲ ಅಗೆದು ತಳಪಾಯ ಅಳೆದು, ಇಡೀ ಚರ್ಚಿನ ನಕ್ಷೆ ಬರೆದ. ಇವತ್ತು ಅಲ್ಲಿ ತೋರಿಸುವ 3ಡಿ ಸಿನಿಮಾ, ಪರದೆಗಳು ನಿಂತಿರುವುದು ಇಂಥ ಅಗೆತದ ಮೇಲೆ. ಸಿನಿಮಾ ಬಿಡಬೇಡಿ. ಬೇರೆ ಕಡೆ ಇಂಥದ್ದು ಸುಮ್ನೆ ಟೈಂಪಾಸ್, ಇಲ್ಲಿ ಅದಿಲ್ಲದಿದ್ದರೆ ಏನೂ ಅರ್ಥವಾಗುವುದಿಲ್ಲ.

ಓದುವ ಚಟ ಇದ್ದವರಿಗೆ ಕ್ಲೂನಿ. 1143ರಲ್ಲಿ ಕುರಾನ್ ಮೊದಲ ಸಲ ಪೂರ್ತಿಯಾಗಿ ಲ್ಯಾಟಿನ್‌ಗೆ ಬಂದದ್ದು ಇಲ್ಲಿನ ಹಿರಿಯ ಪೀಟರ್ ಹಣ ಕೊಟ್ಟು ಮಾಡಿಸಿದ್ದರಿಂದ. ವಾದ ಮಾಡಲು ಮಾಡಿಸಿದ್ದು ನಿಜ, ಆದರೆ ಓದಿ ವಾದ ಮಾಡೋಣ ಅಂದನಲ್ಲ, ಅದಕ್ಕೊಂದು ನಮಸ್ಕಾರ. ಇಂಥ ಕತೆಗಳು ತಲೆಯಲ್ಲಿದ್ದರೆ ಖಾಲಿ ಜಾಗವೂ ಮಾತಾಡುತ್ತದೆ. ಇಲ್ಲದಿದ್ದರೆ ಟಿಕೆಟ್ ದುಡ್ಡು ದಂಡ ಅನ್ನಿಸಬಹುದು. ಮೂರರಲ್ಲಿ ಟಿಕೆಟ್ ಇರುವುದು ಇದೊಂದಕ್ಕೇ.

ವೆಜಲೇ: ಬಾಗಿಲಲ್ಲೇ ಅರ್ಧ ದಿನ

ಇದು ಬೆಟ್ಟದ ಮೇಲಿನ ಊರು. ಕೆಳಗಿನಿಂದ ಚರ್ಚಿನವರೆಗೆ ಒಂದೇ ಬೀದಿ, ಪೂರ್ತಿ ಏರು. ಅಮ್ಮನನ್ನು ಕರೆದುಕೊಂಡು ಹೋದಾಗ ಅವರ ಮಂಡಿಯ ದೆಸೆಯಿಂದ ಮೂರು ಸಲ ಕೂತು, ಎರಡು ಸಲ ಕಾಫಿ ಕುಡಿದು, ಮುಕ್ಕಾಲು ಗಂಟೆಯಲ್ಲಿ ತಲುಪಿದೆವು. ಹಿರಿಯರು ಜೊತೆಗಿದ್ದರೆ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

9ನೇ ಶತಮಾನದಲ್ಲಿ ಶುರುವಾದ ಮಠ ಹೆಸರು ಮಾಡಿದ್ದು 11ನೇ ಶತಮಾನದಲ್ಲಿ, ಕ್ರಿಸ್ತನ ಶಿಷ್ಯೆ ಮಗ್ದಲದ ಮರಿಯಳ ಅಸ್ಥಿ ನಮ್ಮಲ್ಲಿದೆ ಎಂದು ಸಾರಿದ ಮೇಲೆ. ಯಾತ್ರಿಕರ ನೂಕುನುಗ್ಗಲು ಶುರುವಾಯಿತು. ಹಣ ಬಂತು, ಹಣದ ಹಿಂದೆ ಜಗಳವೂ ಬಂತು. ಊರಿನವರ ಮೇಲೆ ಹಾಕಿದ ಕಂದಾಯಕ್ಕೆ ಸಿಟ್ಟೆದ್ದು 1106ರಲ್ಲಿ ಮಠದ ಹಿರಿಯ ಅರ್ತೋನನ್ನು ಕೊಂದೇಬಿಟ್ಟರು. 1120ರಲ್ಲಿ ಜಾತ್ರೆಯ ಹಿಂದಿನ ದಿನ ಚರ್ಚಿಗೆ ಬೆಂಕಿ ಬಿದ್ದು ಸಾವಿರಕ್ಕೂ ಹೆಚ್ಚು ಯಾತ್ರಿಕರು ಸತ್ತರೆಂದು ಹಳೆಯ ಬರಹಗಳು ಹೇಳುತ್ತವೆ. ಈಗಿರುವ ಉದ್ದನೆಯ ಹಜಾರ ಆ ಬೆಂಕಿಯ ನಂತರ ಇಪ್ಪತ್ತು ವರ್ಷದಲ್ಲಿ ಎದ್ದದ್ದು.

1146ರ ಈಸ್ಟರ್ ದಿನ ಸಂತ ಬರ್ನಾರ್ಡ್ ಎರಡನೇ ಧರ್ಮಯುದ್ಧಕ್ಕೆ (ಕ್ರುಸೇಡಿಗೆ) ಕರೆ ಕೊಟ್ಟದ್ದು ಇಲ್ಲೇ. ಜನ ಚರ್ಚಿನಲ್ಲಿ ಹಿಡಿಸಲಿಲ್ಲ, ಹೊರಗೆ ಬೆಟ್ಟದ ಇಳಿಜಾರಿನಲ್ಲಿ ನಿಂತು ಮಾತಾಡಿದ. ಹಂಚಲು ತಂದಿದ್ದ ಬಟ್ಟೆಯ ಶಿಲುಬೆಗಳು ಖಾಲಿಯಾಗಿ ತನ್ನ ಮೈಮೇಲಿನ ಬಟ್ಟೆಯನ್ನೇ ಹರಿದು ಕೊಟ್ಟನಂತೆ. 1190ರಲ್ಲಿ ಇಂಗ್ಲೆಂಡಿನ ರಿಚರ್ಡ್ ಮತ್ತು ಫ್ರಾನ್ಸಿನ ಫಿಲಿಪ್ ಮೂರನೇ ಧರ್ಮಯುದ್ಧಕ್ಕೆ ಹೊರಡುವಾಗ ಸೇರಿದ್ದೂ ಇಲ್ಲೇ.

ಇದೆಲ್ಲ ಇರಲಿ. ವೆಜಲೇಗೆ ಹೋಗಬೇಕಾದದ್ದು ಕೆತ್ತನೆಗೆ. ಆದರೆ ಒಂದು ಮಾತು: ಹೊರಗಿನ ಮುಖದ ಮೇಲೆ ಕಾಣುವ ದೊಡ್ಡ ಫಲಕ 19ನೇ ಶತಮಾನದ್ದು. ಅಲ್ಲಿ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಒಳಗೆ ಬನ್ನಿ, ಮೊದಲು ಒಂದು ಮೊಗಸಾಲೆ ಸಿಗುತ್ತದೆ. ಅಲ್ಲಿಂದ ಹಜಾರಕ್ಕೆ ಹೋಗುವ ನಡುಬಾಗಿಲ ಮೇಲೆ ಅರ್ಧಚಂದ್ರದ ಆಕಾರದ ಕಲ್ಲಿದೆ, ಅದು ಅಸಲಿ, 12ನೇ ಶತಮಾನದ್ದು. ನಡುವೆ ಕ್ರಿಸ್ತ, ಕೈಬೆರಳುಗಳಿಂದ ಹೊರಟ ಕಿರಣಗಳು ಶಿಷ್ಯರ ತಲೆಗೆ ತಾಗುತ್ತವೆ. ಲೋಕದ ಎಲ್ಲ ಜನರಿಗೂ ಹೋಗಿ ಹೇಳಿ ಎನ್ನುತ್ತಿದ್ದಾನೆ. ಹಾಗಾದರೆ ಲೋಕದ ಜನ ಯಾರು? ಶಿಲ್ಪಿ ಸುತ್ತಲೂ ಅವರನ್ನು ಕೆತ್ತಿದ್ದಾನೆ. ಮೊರದಗಲದ ಕಿವಿಯವರು. ಕುದುರೆ ಹತ್ತಲು ಏಣಿ ಇಟ್ಟುಕೊಂಡ ಕುಳ್ಳರು. ನಾಯಿ ತಲೆಯವರು.

ಇಲ್ಲಿ ನನಗೆ ನಗು ಬಂತು. ಈ ನಾಯಿತಲೆಯ ಜನರ ಕತೆ ಗ್ರೀಕರ ಕ್ಟೇಸಿಯಸ್ ಬರೆದದ್ದರಿಂದ ಹರಡಿದ್ದು. ಅವನು ಅವರನ್ನು ಇಟ್ಟದ್ದು ಭಾರತದ ಬೆಟ್ಟಗಳಲ್ಲಿ! ದೊಡ್ಡ ಕಿವಿಯವರನ್ನೂ ಭಾರತದಲ್ಲೇ ಇಟ್ಟಿದ್ದ. ಅಂದರೆ ಬರ್ಗಂಡಿಯ ಬೆಟ್ಟದ ಮೇಲೆ ಕೂತ ಆ ಶಿಲ್ಪಿಯ ಲೆಕ್ಕದಲ್ಲಿ ನಾವೆಲ್ಲ ಹೆಚ್ಚುಕಮ್ಮಿ ಆ ಸಾಲಿನವರೇ. ಅಮ್ಮನಿಗೆ ಹೇಳಿದೆ. ಅವರು ಕತ್ತೆತ್ತಿ ಒಂದು ಕ್ಷಣ ನೋಡಿ, "ಈ ಕಿವಿ ನಿಮ್ಮ ದೊಡ್ಡಪ್ಪಂದೇ" ಅಂದರು.

ಒಳಗಿನ ಹಜಾರದಲ್ಲಿ ಕಮಾನುಗಳ ಕಲ್ಲು ಒಂದು ತಿಳಿ ಬಣ್ಣ, ಒಂದು ಕಂದು, ಮತ್ತೆ ತಿಳಿ, ಹೀಗೆ ಪಟ್ಟೆ ಪಟ್ಟೆ. ಬೆಳಕು ಚೆನ್ನಾಗಿದೆ, ರೋಮನೆಸ್ಕ್ ಅಂದರೆ ಕತ್ತಲೆ ಅನ್ನುವವರು ಇಲ್ಲಿ ಬಂದು ನೋಡಬೇಕು. ಜೂನ್ 21ರ ಆಸುಪಾಸು ನಡುಹಗಲಲ್ಲಿ ಕಿಟಕಿಗಳಿಂದ ಬಿದ್ದ ಬೆಳಕಿನ ತುಂಡುಗಳು ಹಜಾರದ ನಟ್ಟನಡುವೆ ಒಂದೇ ಗೆರೆಯಲ್ಲಿ ಸಾಲಾಗಿ ನಿಲ್ಲುತ್ತವೆ. ನಡುಹಗಲು ಅಂದರೆ ಗಡಿಯಾರದ 12 ಅಂದುಕೊಳ್ಳಬೇಡಿ, ಬೇಸಿಗೆಯ ಫ್ರೆಂಚ್ ಗಡಿಯಾರದಲ್ಲಿ ಅದು ಒಂದೂ ಮುಕ್ಕಾಲರ ಹೊತ್ತಿಗೆ. ಬಲಗಡೆಯ ಸಾಲಿನ ಬೋದಿಗೆಗಳಲ್ಲಿ ಬೀಸುವ ಕಲ್ಲಿನದೊಂದು ಹುಡುಕಿ: ಒಬ್ಬ ಮೇಲಿನಿಂದ ಕಾಳು ಸುರಿಯುತ್ತಾನೆ, ಇನ್ನೊಬ್ಬ ಕೆಳಗೆ ಚೀಲ ಹಿಡಿದು ಹಿಟ್ಟು ತುಂಬಿಕೊಳ್ಳುತ್ತಾನೆ. ಸುರಿಯುವವನು ಮೋಸೆ, ತುಂಬಿಕೊಳ್ಳುವವನು ಪೌಲ. ಬೈಬಲ್ಲಿನ ಹಳೇ ಒಡಂಬಡಿಕೆಯ ಕಾಳು, ಹೊಸ ಒಡಂಬಡಿಕೆಯ ಹಿಟ್ಟು.

ಅಷ್ಟು ಹೆಸರಿದ್ದ ಮಠ ಬಿದ್ದದ್ದು ಹೇಗೆ? 1279ರಲ್ಲಿ ದಕ್ಷಿಣದ ಸಾಂ ಮಾಕ್ಸಿಮ್ಯಾಂ ಎಂಬಲ್ಲಿನವರು ಮರಿಯಳ ನಿಜವಾದ ಅಸ್ಥಿ ನಮ್ಮಲ್ಲಿ ಸಿಕ್ಕಿದೆ ಅಂದರು. ಯಾತ್ರಿಕರು ಆ ಕಡೆ ತಿರುಗಿದರು, ಇಲ್ಲಿನ ಕಾಣಿಕೆ ನಿಂತಿತು. 19ನೇ ಶತಮಾನ ಬರುವಷ್ಟರಲ್ಲಿ ಚಾವಣಿ ಬೀಳುವ ಹಾಗಿತ್ತು. ಸರ್ಕಾರದ ಸ್ಮಾರಕ ಇಲಾಖೆಯ ಪ್ರೊಸ್ಪೆರ್ ಮೆರಿಮೆ 1834ರಲ್ಲಿ ಬಂದು ನೋಡಿ ಬೊಬ್ಬೆ ಹಾಕಿದ. 1840ರಲ್ಲಿ ವಿಯೊಲೆ ಲ ದ್ಯುಕ್ ಎಂಬ 26 ವರ್ಷದ ಹುಡುಗನಿಗೆ ಕೆಲಸ ವಹಿಸಿದರು. ದೊಡ್ಡ ದೊಡ್ಡವರು ಕೈ ಹಾಕಲು ಹೆದರುವ ಕೆಲಸ, ಅವನು ಹತ್ತೊಂಬತ್ತು ವರ್ಷ ಹಿಡಿದು ನಿಲ್ಲಿಸಿದ. ಹೊರಗಿನ ಮುಖಕ್ಕೆ ಅವನ ಕಾಲದ ಕೈಚಳಕ ಸ್ವಲ್ಪ ಜಾಸ್ತಿಯೇ ಆಯಿತು ಅನ್ನುವುದು ನನ್ನ ತಕರಾರು. ಆದರೆ ಅವನಿಲ್ಲದಿದ್ದರೆ ತಕರಾರು ಮಾಡಲು ಚರ್ಚೇ ಇರುತ್ತಿರಲಿಲ್ಲ.

ತೂರ್ನ್ಯೂ: ನನ್ನ ಓಟು ಇದಕ್ಕೆ

ಈ ಮಠದ ಕತೆ ಓಡಿಹೋಗುವುದರಿಂದ ಶುರುವಾಗುತ್ತದೆ. ಅಟ್ಲಾಂಟಿಕ್ ತೀರದ ನುವಾರ್ಮೂತಿಯೇ ದ್ವೀಪದಲ್ಲಿ ಸಂತ ಫಿಲಿಬೇರನ ಮಠ ಇತ್ತು. ವೈಕಿಂಗರು ದೋಣಿಯಲ್ಲಿ ಬಂದು ಬಂದು ದೋಚುತ್ತಿದ್ದರು. ಸನ್ಯಾಸಿಗಳು 836ರಲ್ಲಿ ತಮ್ಮ ಸಂತನ ಅಸ್ಥಿ ಹೊತ್ತುಕೊಂಡು ಹೊರಟರು. ಒಂದು ಊರಿನಲ್ಲಿ ಕೆಲ ವರ್ಷ, ಅಲ್ಲಿಗೂ ವೈಕಿಂಗರು, ಮತ್ತೆ ಮೂಟೆ ಕಟ್ಟು. ಹೀಗೆ ಸುಮಾರು ನಲವತ್ತು ವರ್ಷ ಅಲೆದು 875ರಲ್ಲಿ ಸೋನ್ ನದಿಯ ದಂಡೆಯ ತೂರ್ನ್ಯೂಗೆ ಬಂದರು. ಬೋಳು ಚಾರ್ಲ್ಸ್ ಎಂದು ಹೆಸರಾದ ದೊರೆ ಜಾಗ ಕೊಟ್ಟ. ಹೊರಟವರಲ್ಲಿ ಎಷ್ಟು ಜನ ತಲುಪಿದರೋ, ಹುಡುಗನಾಗಿ ಹೊರಟವನು ಮುದುಕನಾಗಿ ಬಂದಿರಬೇಕು. ಸಮುದ್ರದಿಂದ ಇಷ್ಟು ದೂರ ಬಂದ ಮೇಲಾದರೂ ನೆಮ್ಮದಿ ಸಿಕ್ಕಿತಾ? ಇಲ್ಲ, 937ರಲ್ಲಿ ಪೂರ್ವದ ಕಡೆಯಿಂದ ಹಂಗೇರಿಯನ್ನರು ಬಂದು ಸುಟ್ಟರು.

ಈ ಇತಿಹಾಸ ತಿಳಿದು ಚರ್ಚಿನ ಮುಂದೆ ನಿಂತರೆ ಅದರ ಮುಖ ಯಾಕೆ ಕೋಟೆಯ ಹಾಗಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಎತ್ತರದ ಒರಟು ಗೋಡೆ, ಬಾಣ ಬಿಡುವ ಸಂದಿನಂಥ ಸೀಳುಗಳು. ಕೆತ್ತನೆ ಹೆಚ್ಚುಕಮ್ಮಿ ಸೊನ್ನೆ.

ಒಳಗೆ ಮೊದಲು ಮೊಗಸಾಲೆ. ತಗ್ಗು, ಕತ್ತಲೆ, ನಾಲ್ಕು ದಪ್ಪ ಕಂಬ. ಅದನ್ನು ದಾಟಿ ಹಜಾರಕ್ಕೆ ಕಾಲಿಟ್ಟರೆ ಒಮ್ಮೆಲೇ ಎತ್ತರ, ಒಮ್ಮೆಲೇ ಬೆಳಕು. ಕಂಬಗಳನ್ನು ಹತ್ತಿರ ಹೋಗಿ ನೋಡಿ, ಮುಟ್ಟಿಯೂ ನೋಡಿ. ಒಂದೇ ಕಲ್ಲಿನ ಕಂಬಗಳಲ್ಲ. ಅಂಗೈಯಗಲದ ಸಣ್ಣ ಸಣ್ಣ ಕಲ್ಲುಗಳನ್ನು ಗಾರೆ ಹಾಕಿ ದುಂಡಗೆ ಪೇರಿಸಿಕೊಂಡು ಹೋಗಿದ್ದಾರೆ, ಬಾವಿ ಕಟ್ಟುತ್ತಾರಲ್ಲ ಹಾಗೆ. ತಿಳಿ ಗುಲಾಬಿ ಬಣ್ಣ. ಬೋದಿಗೆ ಅಂತ ಹೇಳಿಕೊಳ್ಳುವಂಥದ್ದೂ ಇಲ್ಲ.

ಈಗ ಮೇಲೆ ನೋಡಿ, ಇದು ಇಡೀ ಪ್ರವಾಸದ ಮುಖ್ಯ ವಿಷಯ. ಸಾಮಾನ್ಯವಾಗಿ ಇಂಥ ಚರ್ಚಿನ ಚಾವಣಿ ಉದ್ದಕ್ಕೆ ಸೀಳಿದ ಪೈಪಿನ ಹಾಗೆ ಬಾಗಿಲಿಂದ ಪೀಠದವರೆಗೆ ಹರಿಯುತ್ತದೆ. ಅದರ ತೂಕ ಎರಡೂ ಬದಿಯ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಹಾಗಾಗಿ ಗೋಡೆಯಲ್ಲಿ ದೊಡ್ಡ ಕಿಟಕಿ ಬಿಡಲು ಭಯ. ತೂರ್ನ್ಯೂನಲ್ಲಿ 11ನೇ ಶತಮಾನದ ಯಾರೋ ಒಬ್ಬ ಮೇಸ್ತ್ರಿ ಆ ಪೈಪನ್ನು ತುಂಡು ಮಾಡಿ ಅಡ್ಡಡ್ಡ ಇಟ್ಟ. ಒಂದರ ಪಕ್ಕ ಒಂದು. ಈಗ ಪ್ರತಿ ತುಂಡೂ ತಳ್ಳುವುದು ಪಕ್ಕದ ತುಂಡನ್ನು, ಅದು ವಾಪಸ್ ಇದನ್ನು ತಳ್ಳುತ್ತದೆ, ಲೆಕ್ಕ ಚುಕ್ತಾ. ಬದಿಯ ಗೋಡೆಗೆ ಭಾರವೇ ಇಲ್ಲ, ಎಷ್ಟು ಬೇಕಾದರೂ ಕಿಟಕಿ ಬಿಡಬಹುದು. ತುಂಬಿದ ಬಸ್ಸಿನಲ್ಲಿ ಯಾರೂ ಬೀಳುವುದಿಲ್ಲವಲ್ಲ, ಅದೇ ಉಪಾಯ. ಇಷ್ಟು ಒಳ್ಳೆಯ ಉಪಾಯವನ್ನು ಆಮೇಲೆ ಹೆಚ್ಚು ಜನ ಎತ್ತಿಕೊಳ್ಳಲೇ ಇಲ್ಲ. ಒಳಗೆ ನಿಂತು ನೋಡಿದರೆ ಕಾರಣ ಹೊಳೆಯುತ್ತದೆ: ಅಡ್ಡಡ್ಡ ಕಮಾನುಗಳು ಕಣ್ಣಿಗೆ ಅಲೆ ಅಲೆಯಾಗಿ ತಡೆ ಒಡ್ಡುತ್ತವೆ, ಪೀಠದ ಕಡೆ ನೇರ ಓಟ ಸಿಗುವುದಿಲ್ಲ. ನನಗೆ ಅದೇ ಇಷ್ಟ.

ಪೀಠದ ಹಿಂದೆ ಸುತ್ತು ಬರುವ ದಾರಿಯ ನೆಲದಲ್ಲಿ 12ನೇ ಶತಮಾನದ ಮೊಸಾಯಿಕ್ ಇದೆ, ರಾಶಿಚಕ್ರ ಮತ್ತು ತಿಂಗಳುಗಳ ಚಿತ್ರ. ಶತಮಾನಗಳ ಕಾಲ ನೆಲದಡಿ ಮುಚ್ಚಿಹೋಗಿದ್ದು 2000ದ ಸುಮಾರಿನ ದುರಸ್ತಿಯಲ್ಲಿ ಬೆಳಕಿಗೆ ಬಂತು. ಕೆಳಗೆ ನೆಲಮಾಳಿಗೆ, ಅಲ್ಲೊಂದು ಬಾವಿ. ಮೊಗಸಾಲೆಯ ಮೇಲೆ ಸಂತ ಮೈಕೇಲನ ಗುಡಿ, ಅಲ್ಲಿಗೆ ಹತ್ತಲು ಬಿಟ್ಟರೆ ಹತ್ತಿ.

ಒಂದು ಉಳಿದು ಇನ್ನೊಂದು ಹೋದದ್ದು ಯಾಕೆ?

ಇದನ್ನು ಗೈಡುಗಳು ಹೇಳುವುದಿಲ್ಲ, ಆದರೆ ನನ್ನ ಪ್ರಕಾರ ಹೋಲಿಕೆಯ ತಿರುಳೇ ಇದು. ತೂರ್ನ್ಯೂ 1627ರಲ್ಲೇ ಸನ್ಯಾಸಿಗಳ ಮಠವಾಗಿ ಉಳಿದಿರಲಿಲ್ಲ, ಸಾಮಾನ್ಯ ಪಾದ್ರಿಗಳ ಕೈಗೆ ಹೋಗಿತ್ತು. ವೆಜಲೇ ಅದಕ್ಕೂ ಮೊದಲು, 16ನೇ ಶತಮಾನದಲ್ಲೇ. ಕ್ಲೂನಿ ಮಾತ್ರ ಕೊನೆಯವರೆಗೂ ಮಠವಾಗಿಯೇ ಇತ್ತು. ಕೊನೆಕೊನೆಗೆ ರಿಶೆಲ್ಯೂ, ಮಜಾರಿನ್‌ರಂಥ ಮಂತ್ರಿಗಳು ಅಲ್ಲಿ ವಾಸವಿರದೆಯೂ ಅದರ ಹಿರಿಯರೆನ್ನಿಸಿಕೊಂಡು ಆದಾಯ ಪಡೆಯುತ್ತಿದ್ದರು. ವಿಲಿಯಂ ಯಾವ ರೋಗಕ್ಕೆ ಮದ್ದು ಬರೆದಿದ್ದನೋ ಅದೇ ರೋಗ ತಿರುಗಿ ಬಂದಿತ್ತು. ಕ್ರಾಂತಿ ಬಂದಾಗ ಊರಿನ ಚರ್ಚುಗಳನ್ನು ಉಳಿಸಿಕೊಂಡರು, ಮಠಗಳನ್ನು ಮಾರಿದರು. ತೂರ್ನ್ಯೂ, ವೆಜಲೇ ಎರಡೂ ಊರಿನ ಚರ್ಚಾಗಿ ಬಚಾವಾದವು. ಕ್ಲೂನಿ ಊರಿನವರಿಗೆ ತಮ್ಮದೇ ಬೇರೆ ಚರ್ಚುಗಳಿದ್ದವು. ಎರಡು ಇವತ್ತಿಗೂ ಇವೆ, ಆ ಮಹಾ ಚರ್ಚಿನಿಂದ ನಾಲ್ಕು ಹೆಜ್ಜೆಯಲ್ಲಿ. 187 ಮೀಟರಿನ ಇನ್ನೊಂದನ್ನು ಇಟ್ಟುಕೊಂಡು ಅವರೇನು ಮಾಡಬೇಕಿತ್ತು?

ಹೋಗಿ ಬರುವ ಮಾತು

ರೈಲಿನಲ್ಲಿ ಓಡಾಡುವವರಾದರೆ ತೂರ್ನ್ಯೂ ಸುಲಭ. ಲಿಯಾನ್ ಮತ್ತು ಡಿಜೋನ್ ನಡುವಿನ ಮಾರ್ಗದಲ್ಲೇ ಅದರ ಸ್ಟೇಷನ್ ಇದೆ, ಇಳಿದು ನಡೆದರೆ ಆಯಿತು. ಕ್ಲೂನಿಗೆ ರೈಲಿಲ್ಲ, ಹಳೇ ರೈಲು ದಾರಿಯನ್ನು ಸೈಕಲ್ ದಾರಿ ಮಾಡಿದ್ದಾರೆ. ಮಾಕೋನ್‌ನಿಂದ ಬಸ್ಸು, ಸುಮಾರು 25 ಕಿಲೋಮೀಟರ್. ಭಾನುವಾರದ ಬಸ್ಸಿನ ವೇಳೆ ಎರಡು ಸಲ ನೋಡಿಕೊಳ್ಳಿ. ನಾನು ವಾರದ ದಿನದ ಪಟ್ಟಿ ನೋಡಿಕೊಂಡು ಹೋಗಿ ಮೂರು ಗಂಟೆ ಕಲ್ಲು ಕಟ್ಟೆಯ ಮೇಲೆ ಕೂತಿದ್ದೆ, ಯಾರ ತಪ್ಪೂ ಅಲ್ಲ, ನನ್ನದೇ. ವೆಜಲೇಗೆ ಹತ್ತಿರದ ಸ್ಟೇಷನ್ ಸೆರ್ಮಿಜೆಲ್, ಅಲ್ಲಿಂದ ಇನ್ನೂ ಹತ್ತು ಕಿಲೋಮೀಟರ್. ಕಾರಿಲ್ಲದೆ ವೆಜಲೇ ಕಷ್ಟ, ಆದರೆ ಪ್ಯಾರಿಸ್‌ನಿಂದ ಕಾರಿನಲ್ಲಿ ಬರುವವರಿಗೆ ಅದೇ ಹತ್ತಿರ.

ಕಾರಿದ್ದರೆ ಕ್ಲೂನಿ, ತೂರ್ನ್ಯೂ ಎರಡನ್ನೂ ಒಂದೇ ದಿನ ಮುಗಿಸಬಹುದು, ನಡುವೆ 35 ಕಿಲೋಮೀಟರ್ ಅಷ್ಟೇ. ಬೆಳಿಗ್ಗೆ ಕ್ಲೂನಿ, ಸಂಜೆ ತೂರ್ನ್ಯೂ. ಉಲ್ಟಾ ಮಾಡಬೇಡಿ. ಪೂರ್ತಿ ನಿಂತದ್ದನ್ನು ನೋಡಿ ಆಮೇಲೆ ಮುರಿದದ್ದನ್ನು ನೋಡಿದರೆ ಮನಸ್ಸು ಮಂಕಾಗುತ್ತದೆ. ಕ್ಲೂನಿ ಪೂರ್ತಿ ಇದ್ದಾಗ ಹೇಗಿತ್ತು ಅನ್ನುವ ಕುತೂಹಲ ತಡೆಯದಿದ್ದರೆ ಪಾರೇ ಲ ಮೊನಿಯಾಲ್‌ಗೆ ಹೋಗಿ, ಅದು ಕ್ಲೂನಿಯ ಶಾಖಾ ಮಠ, ಚರ್ಚನ್ನು ಅದೇ ಅಚ್ಚಿನಲ್ಲಿ ಚಿಕ್ಕದಾಗಿ ಕಟ್ಟಿದ್ದಾರೆ. ಫೋಂತನೇಯನ್ನು ಇವುಗಳ ಜೊತೆ ಸೇರಿಸಿ ಹೇಳುವವರಿದ್ದಾರೆ, ಚೆಂದದ ಜಾಗವೇ, ಆದರೆ ಅದು ಸಿಸ್ಟರ್ಸಿಯನ್ನರದು, ಬೆನೆಡಿಕ್ಟನ ನಿಯಮವನ್ನೇ ಹಿಡಿದರೂ ಕ್ಲೂನಿಯ ಆಡಂಬರ ಕಂಡು ಸಿಡಿದು ನಿಂತ ಬಳಗ.

ಊಟದ ಬಗ್ಗೆಯೂ ಒಂದು ಮಾತು. ಸಣ್ಣ ಊರುಗಳಲ್ಲಿ ಮಧ್ಯಾಹ್ನ 12ರಿಂದ 2 ಬಿಟ್ಟರೆ ಅಡುಗೆಮನೆ ಮುಚ್ಚಿರುತ್ತದೆ. ಸಸ್ಯಾಹಾರಿಗಳಿಗೆ ಆ ಕಡೆಯ ಮೇಕೆ ಹಾಲಿನ ಚೀಸ್ ಮತ್ತು ಬ್ರೆಡ್ ಸುಲಭವಾಗಿ ಸಿಗುತ್ತದೆ. ಗುಜೇರ್ ಎಂಬ ಚೀಸ್ ಹಾಕಿದ ಪುಟ್ಟ ಬೋಂಡಾ ಗಾತ್ರದ ತಿಂಡಿಯೂ ರುಚಿ, ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ನೋಡಿಕೊಳ್ಳಿ.

ಮಕ್ಕಳಿದ್ದರೆ ವೆಜಲೇ, ನಾಯಿತಲೆಯವರನ್ನು ಹುಡುಕುವ ಆಟದಲ್ಲಿ ಒಂದು ಗಂಟೆ ಹೋಗುವುದೇ ತಿಳಿಯುವುದಿಲ್ಲ. ಮಂಡಿ ನೋವಿನವರಿದ್ದರೆ ತೂರ್ನ್ಯೂ. ಒಂದು ಸಣ್ಣ ದುರ್ಬೀನು ಇದ್ದರೆ ಚೀಲಕ್ಕೆ ಹಾಕಿಕೊಳ್ಳಿ, ವೆಜಲೇಯ ಬೋದಿಗೆಗಳೆಲ್ಲ ಎತ್ತರದಲ್ಲಿವೆ. ತೂರ್ನ್ಯೂನಲ್ಲಿ ಮಾತ್ರ ಅದು ಚೀಲದಲ್ಲೇ ಇರಲಿ, ಅಲ್ಲಿ ಕೈ ಖಾಲಿ ಇರಬೇಕು, ಕಂಬ ಮುಟ್ಟುವುದಕ್ಕೆ.